ಮಾತಾಡುವ ಅಲೆ, ನೋಡುವ ಅಲೆ

ಕೊಯಮತ್ತೂರಿನ ಉಕ್ಕಡಂನಲ್ಲಿ ಪಾಲಕ್ಕಾಡಿನ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಮದುಕ್ಕರೈ ಸಿಗುತ್ತದೆ. ಅಲ್ಲಿಂದಾಚೆ ವಾಳಯಾರಿನವರೆಗೂ ರೈಲು ಹಳಿ ಕಾಡಂಚನ್ನು ಸವರಿಕೊಂಡೇ ಹೋಗುತ್ತದೆ. ನೀರು, ಮೇವು ಹುಡುಕಿ ಬರುವ ಆನೆಗಳು ಈ ಹಳಿಯನ್ನು ದಾಟಲೇಬೇಕು. 2021ರ ನವೆಂಬರ್ 26ರ ರಾತ್ರಿ ನವಕ್ಕರೈ ಬಳಿ ಮಂಗಳೂರು–ಚೆನ್ನೈ ರೈಲಿಗೆ ಸಿಕ್ಕಿ ಮೂರು ಆನೆಗಳು ಸತ್ತವು. 2024ರ ಫೆಬ್ರುವರಿಯಲ್ಲಿ ತಮಿಳುನಾಡು ಅರಣ್ಯ ಇಲಾಖೆ ಇಲ್ಲಿ ಗೋಪುರಗಳನ್ನು ನಿಲ್ಲಿಸಿ, ದೇಹದ ಶಾಖವನ್ನು ಗುರುತಿಸುವ ಕ್ಯಾಮೆರಾ ಕೂರಿಸಿತು. ಆನೆ ಹಳಿಯತ್ತ ಬಂದರೆ ಎಚ್ಚರಿಕೆ ಹೋಗುತ್ತದೆ. ಒಳ್ಳೆಯ ಕೆಲಸ.

ಆದರೆ ಅದೇ ದಾರಿಯುದ್ದಕ್ಕೂ ಮೊಬೈಲ್ ಟವರುಗಳಿವೆ. ಅವು ಹಗಲಿರುಳು ಸುರಿಸುವ ರೇಡಿಯೊ ಅಲೆ ಆನೆಯ ಬೆನ್ನಿಗೂ ತಾಗಿ ಹಿಂದಿರುಗುತ್ತದೆ. ಹಾಗೆ ಬಂದ ಮಾರ್ದನಿಯನ್ನು ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಮಾತು ಹೊತ್ತೊಯ್ಯುವ ಅಲೆಯಿಂದಲೇ ಸುತ್ತಲಿನದನ್ನು ಅರಿಯುವ ವಿದ್ಯೆ ಈಗ ಸಂಪರ್ಕ ತಂತ್ರಜ್ಞಾನದ ನಡುಮನೆಗೆ ಬಂದಿದೆ.

ಹೊಸದೆಂದು ಹೇಳಲಾಗುವ ಈ ವಿಚಾರ ನಿಜಕ್ಕೂ ರಾಡಾರಿನಷ್ಟೇ ಹಳೆಯದು. 1935ರ ಫೆಬ್ರುವರಿ 26ರಂದು ಇಂಗ್ಲೆಂಡಿನಲ್ಲಿ ರಾಬರ್ಟ್ ವಾಟ್ಸನ್-ವಾಟ್ ಮತ್ತು ಅರ್ನಾಲ್ಡ್ ವಿಲ್ಕಿನ್ಸ್ ವಿಮಾನ ಪತ್ತೆಯ ಮೊದಲ ಪ್ರಯೋಗ ಮಾಡಿದಾಗ ತಮ್ಮದೇ ಪ್ರೇಷಕವನ್ನು ಕಟ್ಟಲಿಲ್ಲ. ಡ್ಯಾವೆಂಟ್ರಿಯ ಬಿಬಿಸಿ ಕೇಂದ್ರದಿಂದ ಹೊರಡುತ್ತಿದ್ದ ಕಿರುತರಂಗ ಪ್ರಸಾರವನ್ನೇ ಬಳಸಿ, ಹೊಲವೊಂದರಲ್ಲಿ ರಿಸೀವರ್ ಇಟ್ಟುಕೊಂಡು ಕೂತರು. ಹೇಫರ್ಡ್ ಬಾಂಬರ್ ವಿಮಾನ ಸುಮಾರು 13 ಕಿಲೋಮೀಟರ್ ದೂರ ಹೋಗುವವರೆಗೂ ಅದರ ಸುಳಿವು ಸಿಕ್ಕಿತು. ಊರಿಗೆಲ್ಲ ಸುದ್ದಿ ಹೇಳುತ್ತಿದ್ದ ಅಲೆಯೇ ವಿಮಾನವನ್ನೂ ತೋರಿಸಿತ್ತು.

ಸಂಪರ್ಕ ಮತ್ತು ರಾಡಾರ್ ಬೇರೆ ಬೇರೆ ಮನೆ ಮಾಡಿದ್ದು ಎರಡನೇ ಮಹಾಯುದ್ಧದಿಂದ. ರಾಡಾರಿಗೆ ಚೂಪಾದ, ಬಲವಾದ ಮಿಡಿತ ಬೇಕಿತ್ತು. ಸಂಪರ್ಕಕ್ಕೆ ಎಡೆಬಿಡದ ಹರಿವು. ಉಪಕರಣ, ತರಂಗಪಟ್ಟಿ, ಕಡೆಗೆ ಪಠ್ಯಪುಸ್ತಕವೂ ಬೇರೆಯಾಯಿತು. ನಡುನಡುವೆ ಸೇತುವೆ ಕಟ್ಟಿದವರಿದ್ದರು. 1963ರಲ್ಲಿ ಮೀಲಿ ಎಂಬ ಸಂಶೋಧಕರು ರಾಡಾರ್ ಮಿಡಿತಗಳ ನಡುವಿನ ಅಂತರವನ್ನು ಹೆಚ್ಚುಕಡಿಮೆ ಮಾಡಿ ಅದರಲ್ಲೇ ಸಂದೇಶ ಕಳಿಸುವ ಲೆಕ್ಕ ಬರೆದರು. ನಮ್ಮಲ್ಲಿ, ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿದ ರಾಜೇಂದ್ರ ರಾಡಾರ್ ಗುರಿಯ ಬೆನ್ನುಹತ್ತುವುದರ ಜೊತೆಗೆ ಆಕಾಶ್ ಕ್ಷಿಪಣಿಗೂ ದಾರಿ ತೋರಿಸುತ್ತದೆ. ಆದರೆ ಈ ಪ್ರಯತ್ನಗಳೆಲ್ಲ ಸೈನ್ಯದ ಬೇಲಿಯೊಳಗೇ ಉಳಿದವು.

ಬೇಲಿ ಮುರಿದದ್ದು ಮೊಬೈಲು. 4ಜಿ, 5ಜಿಗಳಲ್ಲಿ ದತ್ತಾಂಶವನ್ನು ಸಾವಿರಾರು ಸಣ್ಣ ವಾಹಕ ಅಲೆಗಳಿಗೆ ಹಂಚಿ ಕಳಿಸುತ್ತಾರೆ. ಮೇಲ್ನೋಟಕ್ಕೆ ಇದು ರಾಡಾರಿಗೆ ಒಗ್ಗದ ಸಂಕೇತ. ಯಾರದೋ ಹರಟೆ, ಯಾರದೋ ವಿಡಿಯೊ ಸೇರಿ ಕ್ಷಣಕ್ಷಣಕ್ಕೂ ಅದು ಬದಲಾಗುತ್ತಿರುತ್ತದೆ. 2011ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹ್‌ನ ಕ್ರಿಶ್ಚಿಯನ್ ಸ್ಟರ್ಮ್ ಮತ್ತು ವರ್ನರ್ ವೀಸ್ಬೆಕ್ ಬರೆದ ಪ್ರಬಂಧ ಈ ತೊಡಕನ್ನು ಸರಳವಾಗಿ ಬಿಡಿಸಿತು. ಕಳಿಸಿದ್ದು ಏನೆಂದು ಕಳಿಸಿದವನಿಗೆ ಗೊತ್ತೇ ಇದೆಯಲ್ಲ? ಮರಳಿ ಬಂದದ್ದನ್ನು ಕಳಿಸಿದ್ದರಿಂದ ಭಾಗಿಸಿದರೆ ಹರಟೆಯೆಲ್ಲ ಕಳಚಿಹೋಗಿ, ದಾರಿಯಲ್ಲಿ ಎದುರಾದ ವಸ್ತುವಿನ ದೂರ ಮತ್ತು ವೇಗ ಮಾತ್ರ ಉಳಿಯುತ್ತದೆ. ಈ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಹೊಳಹು ಇದೇ.

ಉಕ್ಕಡಂ ಮೇಲ್ಸೇತುವೆಯ ಬಳಿಯ ಟವರೊಂದರಿಂದ ಲೆಕ್ಕ ಹಾಕಿ ನೋಡೋಣ. ಅಲೆ ಹೋಗಿ ಬರಲು ಒಂದು ಮೈಕ್ರೋಸೆಕೆಂಡ್ ಹಿಡಿದರೆ ವಸ್ತು 150 ಮೀಟರ್ ದೂರದಲ್ಲಿದೆ. ಸಂಕೇತದ ಅಗಲ 100 ಮೆಗಾಹರ್ಟ್ಸ್ ಆದರೆ ಒಂದೂವರೆ ಮೀಟರ್ ಅಂತರದ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಆವರ್ತನ 3.5 ಗಿಗಾಹರ್ಟ್ಸ್ ಇದ್ದು, ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬಸ್ಸೊಂದು ನೇರ ಟವರಿನತ್ತ ಬಂದರೆ ಮಾರ್ದನಿಯ ಆವರ್ತನ ಸುಮಾರು 230 ಹರ್ಟ್ಸ್ ಏರುತ್ತದೆ. ಕಾಗದದ ಮೇಲೆ ಎಲ್ಲ ಸಲೀಸು. ಟವರಿನ ಪಾಡು ಮಾತ್ರ ಕಷ್ಟದ್ದು: ತಾನೇ ಕೂಗುತ್ತಿರುವಾಗ ತನ್ನ ಕೂಗಿನ ಪಿಸುಮಾರ್ದನಿಯನ್ನೂ ಅದು ಆಲಿಸಬೇಕು. ದೂರ ಎರಡರಷ್ಟಾದರೆ ಮಾರ್ದನಿಯ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇಂಥ ತೊಡಕಿಲ್ಲದೆ ಫಲ ಕೊಟ್ಟ ದಾರಿ ಮಳೆಯದು. ಟವರಿನಿಂದ ಟವರಿಗೆ ಹಾಯುವ ಮೈಕ್ರೋವೇವ್ ಕೊಂಡಿಗಳು ಮಳೆ ಬಂದಾಗ ಸೊರಗುತ್ತವೆ. ಹನಿಗಳು ಅಲೆಯನ್ನು ಹೀರಿ ಚದುರಿಸುತ್ತವೆ. ಎಂಜಿನಿಯರುಗಳಿಗೆ ಅದು ತಲೆನೋವಾಗಿತ್ತು. ಇಸ್ರೇಲಿನ ಹಗಿತ್ ಮೆಸ್ಸರ್ ಮತ್ತು ಸಂಗಡಿಗರು 2006ರಲ್ಲಿ ಆ ತಲೆನೋವನ್ನೇ ಮಳೆಮಾಪಕ ಮಾಡಿದರು. 2013ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಸುಮಾರು 2,400 ಕೊಂಡಿಗಳಿಂದ ಇಡೀ ದೇಶದ ಮಳೆನಕ್ಷೆ ಬಿಡಿಸಿದರು. ಉಕ್ಕಡಂ ದೊಡ್ಡಕೆರೆಗೆ ನೀರುಣಿಸುವ ನೊಯ್ಯಲ್ ಹೊಳೆ ಹುಟ್ಟುವುದು ವೆಳ್ಳಿಯಂಗಿರಿ ಬೆಟ್ಟಗಳಲ್ಲಿ. ಬೆಟ್ಟದಲ್ಲಿ ಎಷ್ಟು ಮಳೆಯಾಯಿತೆಂದು ಕೆಳಗಿನವರಿಗೆ ಬೇಗ ತಿಳಿಸುವ ಇಂಥ ಉಪಾಯಕ್ಕೆ ಹೊಸ ಗೋಪುರವೇ ಬೇಕಿಲ್ಲ.

ಮುಂದಿನ ಹೆಜ್ಜೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ದೂರ ಮತ್ತು ವೇಗಗಳ ಜಾಲರಿಯ ಮೇಲೇ ನೇರವಾಗಿ ಸಂದೇಶವನ್ನು ಪೋಣಿಸುವ ಒಟಿಎಫ್‌ಎಸ್ ಎಂಬ ವಿಧಾನವನ್ನು 2017ರಲ್ಲಿ ರಾನಿ ಹದಾನಿ ಮತ್ತು ಜೊತೆಗಾರರು ಮುಂದಿಟ್ಟರು. ಅದಕ್ಕೆ ಗಣಿತದ ತಳಪಾಯ ಹಾಕಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಚೊಕ್ಕಲಿಂಗಂ, ದೆಹಲಿ ಐಐಟಿಯ ಸೈಫ್ ಖಾನ್ ಮೊಹಮ್ಮದ್ ಸೇರಿದ್ದಾರೆ. ವೇಗವಾಗಿ ಓಡುವ ರೈಲಿನಲ್ಲೂ ಸಂಪರ್ಕ ಕೆಡದಂತೆ ನೋಡಿಕೊಳ್ಳುವ ಲೆಕ್ಕವೇ ರೈಲಿನ ವೇಗವನ್ನೂ ಹೇಳುತ್ತದೆ.

2023ರ ನವೆಂಬರಿನಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 6ಜಿಯ ಆರು ಬಳಕೆಗಳನ್ನು ಹೆಸರಿಸಿದಾಗ ಸಂಪರ್ಕ–ಸಂವೇದನೆಗಳ ಕೂಡುವಿಕೆಯೂ ಅವುಗಳಲ್ಲಿ ಒಂದಾಯಿತು. ಮೊಬೈಲ್ ಮಾನದಂಡ ಬರೆಯುವ 3ಜಿಪಿಪಿ ಕೂಟ ಪಟ್ಟಿ ಮಾಡಿದ 32 ಬಳಕೆಗಳಲ್ಲಿ ಹೆದ್ದಾರಿಗೆ ನುಗ್ಗುವ ಪ್ರಾಣಿಗಳ ಪತ್ತೆಯಿದೆ, ಮಳೆಯ ಅಳತೆಯಿದೆ. ಮನೆಯೊಳಗೆ ಓಡಾಡುವವರ ಪತ್ತೆಯೂ ಇದೆ. ವೈಫೈ ಅಲೆಯಿಂದ ಗೋಡೆಯಾಚೆಯ ಮನುಷ್ಯರ ಚಲನೆಯನ್ನು ಗುರುತಿಸಬಹುದೆಂದು ಎಂಐಟಿಯ ದೀನಾ ಕತಾಬಿ ಮತ್ತು ಫದೆಲ್ ಆದಿಬ್ 2013ರಲ್ಲೇ ತೋರಿಸಿದ್ದರು. ಕ್ಯಾಮೆರಾ ಕಂಡರೆ ಮುಖ ತಿರುಗಿಸಬಹುದು, ಅಲೆಗೆ ಬೆನ್ನು ಮಾಡಲಾಗದು.

6ಜಿ 2030ರ ಆಸುಪಾಸಿಗೆ ಬರಲಿದೆ. ಅದರ ನಿಯಮಗಳನ್ನು ಬರೆಯುವ ಕಾಲ ಇದು. ನಮ್ಮ ಎಂಜಿನಿಯರುಗಳು, ಇಲಾಖೆಗಳು ಮೊದಲು ಮದುಕ್ಕರೈಯ ಹಳಿಯನ್ನು, ನೊಯ್ಯಲಿನ ಮಳೆಯನ್ನು ಕೈಗೆತ್ತಿಕೊಳ್ಳಲಿ. ಮನೆಯೊಳಗಿನ ಮನುಷ್ಯನನ್ನು ಅವನ ಒಪ್ಪಿಗೆಯಿಲ್ಲದೆ ಯಾವ ಟವರೂ ನೋಡಕೂಡದೆಂಬ ಮಾತು ಆ ನಿಯಮಗಳಲ್ಲೇ ಸೇರಲಿ.