ಆರ್ಕಿಮಿಡೀಸನ ಸಮಾಧಿಯ ಮೇಲಿದ್ದ ಸಿಲಿಂಡರ್

ಹೈಸ್ಕೂಲಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಎರಡು ಸೂತ್ರ ನೆನಪಿಸಿಕೊಳ್ಳಿ. ಸಿಲಿಂಡರಿನ ಘನಫಲ ಬೇಕಾದ್ರೆ ತಳದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಬೇಕು. ಪೂರ್ಣ ಮೇಲ್ಮೈ ವಿಸ್ತೀರ್ಣಕ್ಕೆ ಸುತ್ತಳತೆಯನ್ನು ಎತ್ತರದಿಂದ ಗುಣಿಸಿ, ಮೇಲಿನ ಮತ್ತು ಕೆಳಗಿನ ಎರಡು ವೃತ್ತ ಕೂಡಿಸಬೇಕು. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಇದೇ ಸಿಲಿಂಡರ್ ತನ್ನ ಸಮಾಧಿಯ ಮೇಲಿರಲಿ ಅಂತ ಕೇಳಿಕೊಂಡವನು ಆರ್ಕಿಮಿಡೀಸ್.

ಸಿಸಿಲಿ ದ್ವೀಪದ ಸಿರಕ್ಯೂಸ್ ಅವನ ಊರು. ರೋಮನ್ನರು ಮುತ್ತಿಗೆ ಹಾಕಿದಾಗ ಅವನ ಯಂತ್ರಗಳು ಅವರನ್ನು ಬಹಳ ದಿನ ತಡೆದವು. ಕ್ರಿ.ಪೂ. 212ರಲ್ಲಿ ಊರು ಸೋತಿತು. ರೋಮನ್ ಸೈನಿಕನೊಬ್ಬನ ಕೈಯಲ್ಲಿ ಅವನೂ ಸತ್ತ. ಇಷ್ಟೆಲ್ಲ ಯಂತ್ರ ಮಾಡಿದವನು ಸಮಾಧಿಗೆ ಕೇಳಿದ್ದು ಒಂದು ಸಿಲಿಂಡರ್, ಅದರೊಳಗೆ ಸರಿಯಾಗಿ ಕೂರುವ ಒಂದು ಗೋಳ.

ಯಾಕೆ ಅಂತ ಲೆಕ್ಕ ಮಾಡಿ ನೋಡೋಣ. ತ್ರಿಜ್ಯ 7 ಸೆಂ.ಮೀ., ಎತ್ತರ 14 ಸೆಂ.ಮೀ. ಇರಲಿ, ಪೈ 22/7 ಅಂತ ಇಟ್ಕೊಳ್ಳಿ. ಸಿಲಿಂಡರಿನ ಪೂರ್ಣ ಮೇಲ್ಮೈ 924 ಚದರ ಸೆಂ.ಮೀ.; ಒಳಗಿನ ಗೋಳದ್ದು 616. ಸಿಲಿಂಡರಿನ ಘನಫಲ 2156 ಘನ ಸೆಂ.ಮೀ.; ಗೋಳದ್ದು ಸುಮಾರು 1437. ಎರಡರಲ್ಲೂ ಗೋಳ ಅಂದ್ರೆ ಸಿಲಿಂಡರಿನ ಮೂರರಲ್ಲಿ ಎರಡು ಪಾಲು! ತ್ರಿಜ್ಯ ಎಷ್ಟೇ ಇದ್ರೂ ಇದು ಬದಲಾಗಲ್ಲ.

ಆ ಸಮಾಧಿಯನ್ನು ಊರಿನವರೇ ಮರೆತರು. ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದ ರೋಮನ್ ಸಿಸೆರೊ ಹುಡುಕಿಸಿದಾಗ, ಮುಳ್ಳುಗಿಡಗಳ ನಡುವೆ ಗೋಳ, ಸಿಲಿಂಡರ್ ಇದ್ದ ಪುಟ್ಟ ಕಂಬ ಕಂಡಿತು. ಗಿಡ ಕಡಿಸಿ ದಾರಿ ಮಾಡಿಸಿದ. ಇವತ್ತು ಅದೂ ಇಲ್ಲ.

ಉತ್ತರ ಮಾತ್ರ ಉಳಿಯಿತು. ಅದರ ಸಾಧನೆಯನ್ನು ಆರ್ಕಿಮಿಡೀಸ್ ಪುಸ್ತಕದಲ್ಲಿ ಬರೆದಿಟ್ಟಿದ್ದ. ಆದರೆ ಮೊದಲು ಅವನಿಗೆ ಹೊಳೆದದ್ದು ಹೇಗೆ? ಅದನ್ನು ಎರಟೋಸ್ತನೀಸ್ ಎಂಬ ವಿದ್ವಾಂಸನಿಗೆ ಬರೆದು ತಿಳಿಸಿದ್ದ. ಆ ಬರಹದ ಪ್ರತಿಯೊಂದನ್ನು 13ನೇ ಶತಮಾನದಲ್ಲಿ ಯಾರೋ ಕೆರೆದು, ಅದೇ ಚರ್ಮದ ಹಾಳೆಗಳ ಮೇಲೆ ಪ್ರಾರ್ಥನಾ ಪುಸ್ತಕ ಬರೆದರು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್, ಇಸ್ತಾಂಬುಲ್‌ನಲ್ಲಿ ಆ ಪ್ರಾರ್ಥನೆಗಳ ಅಡಿಯಲ್ಲಿ ಮಾಸಿದ ಅಕ್ಷರಗಳನ್ನು ಓದಿದರು.

ಅಲ್ಲಿದ್ದದ್ದು ತಕ್ಕಡಿ! ಗೋಳ, ಶಂಕು, ಸಿಲಿಂಡರ್ ಮೂರನ್ನೂ ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿದ ಹಾಗೆ ಊಹಿಸಿಕೊಂಡು, ಗೋಳ ಮತ್ತು ಶಂಕುವಿನ ಬಿಲ್ಲೆಗಳನ್ನು ಒಂದು ಕಡೆ ತೂಗುಹಾಕಿ, ಇನ್ನೊಂದು ಕಡೆ ಸಿಲಿಂಡರಿನ ಬಿಲ್ಲೆಗಳ ಜೊತೆ ಸಮತೂಕ ಮಾಡಿದ್ದ. ಶಂಕುವಿನ ಘನಫಲ ಮೊದಲೇ ಗೊತ್ತಿತ್ತು, ಹಾಗಾಗಿ ಗೋಳದ್ದು ಸಿಕ್ಕಿತು. ಇದು ಸಾಧನೆ ಅಲ್ಲ, ಆದರೆ ಉತ್ತರ ಮೊದಲೇ ಗೊತ್ತಿದ್ರೆ ಸಾಧನೆ ಹುಡುಕೋದು ಸುಲಭ ಅಂತ ಅವನೇ ಹೇಳಿದ್ದಾನೆ.

1998ರಲ್ಲಿ ಆ ಪುಸ್ತಕ 20 ಲಕ್ಷ ಡಾಲರಿಗೆ ಹರಾಜಾಯಿತು. ಆಮೇಲೆ ಬೇರೆ ಬೇರೆ ಬಣ್ಣದ ಬೆಳಕಲ್ಲಿ, ಎಕ್ಸ್-ರೇಯಲ್ಲಿ ತೆಗೆದ ಅದರ ಡಿಜಿಟಲ್ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಮಕ್ಕಳಿಗೆ ಈ ಸೂತ್ರ ಹೇಳಿಕೊಡುವಾಗ ತಕ್ಕಡಿಯ ಕಥೆಯನ್ನೂ ಹೇಳಿ. ಸೂತ್ರ ಮರೆತರೆ ಪುಸ್ತಕದಲ್ಲಿ ಸಿಗುತ್ತೆ. ಅದು ಹೊಳೆದ ದಾರಿ ಒಮ್ಮೆ ಅಳಿಸಿಹೋದರೆ ಮತ್ತೆ ಸಿಗೋಕೆ ಏಳುನೂರು ವರ್ಷ ಹಿಡಿಯಬಹುದು.