ಕರ್ಜಗಿ, ಬ್ಯಾಡಗಿ, ಹಾವೇರಿ: ಗಣಕದಲ್ಲಿ ತಿದ್ದಿದ ಹೆಸರುಗಳು

ಗಣಕಕ್ಕೆ ಕನ್ನಡ ಬಂದ ಆರಂಭದ ಫಾಂಟ್‌ಗಳಲ್ಲಿ ಸಂಕೇತ ಸಂಖ್ಯೆಗಳನ್ನು ಪಡೆದದ್ದು ಅಕ್ಷರಗಳಲ್ಲ, ಅವುಗಳ ಆಕಾರಗಳು. 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳು ಕಚೇರಿಗೂ ಮುದ್ರಣಾಲಯಕ್ಕೂ ಕನ್ನಡವನ್ನು ಒಯ್ದವು. ಆದರೆ ಅದೇ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದವು.

ಅಂಥ ಕಡತಗಳನ್ನು, ಅಕ್ಷರಗಳಿಗೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ತರುವಾಗಿನ ತೊಡಕು ಹಾವೇರಿ ತಾಲ್ಲೂಕಿನ ಕರ್ಜಗಿಯ ಹೆಸರಿನಲ್ಲೇ ಕಾಣುತ್ತದೆ. ಹಳೆಯ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಮೊದಲು ಕ, ಆಮೇಲೆ ಜ, ಅದರ ಹಿಂದೆ ಅರ್ಕಾವೊತ್ತು, ಕೊನೆಗೆ ‘ಗಿ’ ದಾಖಲಾಗುತ್ತಿದ್ದವು. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮವೇ ಮುಖ್ಯ: ಕ, ರ, ಹಲಂತ ಚಿಹ್ನೆ (್), ಜ, ಗ, ಗುಡಿಸು. ಪರಿವರ್ತಕ ತಂತ್ರಾಂಶ ಅರ್ಕಾವೊತ್ತನ್ನು ಜಕಾರದ ಮುಂದಕ್ಕೆ ತರದಿದ್ದರೆ ಊರು ‘ಕಜರ್ಗಿ’ ಆಗುತ್ತದೆ. ‘ಬ್ಯಾಡಗಿ’ಯಲ್ಲೂ ಯಕಾರದ ಒತ್ತನ್ನು ದೀರ್ಘಕ್ಕಿಂತ ಮೊದಲು ಇರಿಸಬೇಕು.

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟನ್ನು ತಂದಿತು. ಸಂಕೇತ ಒಂದಾದರೂ ಒತ್ತಕ್ಷರ ಜೋಡಿಸುವ ತಂತ್ರ ವಿಂಡೋಸ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಇನ್ನೊಂದು ಇದ್ದುದರಿಂದ ಒಂದೇ ಕಡತ ಎರಡು ರೀತಿ ಕಾಣುವ ಪ್ರಸಂಗಗಳು ಉಳಿದವು. 2017ರಲ್ಲಿ ಕಚೇರಿ ಕೆಲಸಗಳ ತಂತ್ರಾಂಶ ಲಿಬ್ರೆಆಫೀಸ್ 5.3 ಎಲ್ಲ ವ್ಯವಸ್ಥೆಗಳಿಗೂ ‘ಹಾರ್ಫ್‌ಬಜ್’ ಎಂಬ ಒಂದೇ ಜೋಡಣಾ ತಂತ್ರಾಂಶವನ್ನು ಅಳವಡಿಸಿಕೊಂಡಿತು. ಅಂದಿನಿಂದ ಹಾರ್ಫ್‌ಬಜ್‌ನಲ್ಲಿ ಮಾಡಿದ ಒಂದು ತಿದ್ದುಪಡಿ ಲಿಬ್ರೆಆಫೀಸ್ ಬಳಸುವ ಎಲ್ಲರಿಗೂ ದಕ್ಕುತ್ತದೆ.

ಕಣ್ಣಿಗೆ ಬೀಳದ ದೋಷವೂ ಉಂಟು. ‘ಹಾವೇರಿ’ಯ ವೇಕಾರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ನೋಡಲು ವ್ಯತ್ಯಾಸವಿಲ್ಲ, ಆದರೆ ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗಬಹುದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದೇ ಇದಕ್ಕೆ ಪರಿಹಾರ.

ಲಿಪಿಯ ಜೊತೆಗೆ ಪ್ರದೇಶದ ರೂಢಿಗಳೂ ಬೇಕು. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಲೆಕ್ಕದಲ್ಲಿ ಒಂದೂಕಾಲು ಲಕ್ಷವನ್ನು 1,25,000 ಎಂದು ಬರೆಯಬೇಕು. ಅಮೆರಿಕದ ಹೊಂದಿಕೆಯಲ್ಲಿ ಅದು 125,000 ಆಗುತ್ತದೆ. 3/4 ಎಂಬ ದಿನಾಂಕ ಏಪ್ರಿಲ್ 3ರ ಬದಲು ಮಾರ್ಚ್ 4 ಆಗುತ್ತದೆ. ಭಾಷೆ ಇಂಗ್ಲಿಷ್ ಎಂದ ಮಾತ್ರಕ್ಕೆ ಪ್ರದೇಶ ಅಮೆರಿಕ ಎಂದು ತಂತ್ರಾಂಶ ಭಾವಿಸುವುದೇ ಇಲ್ಲಿಯ ಮೂಲದೋಷ. ಆದ್ದರಿಂದ ಭಾಷೆ, ಪ್ರದೇಶಗಳ ಆಯ್ಕೆ ಬೇರೆಬೇರೆ ಇರಬೇಕು. ತಿಂಗಳ ಹೆಸರು, ಅಂಕಿಗಳ ಗುಂಪು, ದಿನಾಂಕದ ಕ್ರಮಗಳನ್ನು ಯೂನಿಕೋಡ್ ಒಕ್ಕೂಟದ ‘ಸಿಎಲ್‌ಡಿಆರ್’ ಭಂಡಾರದಲ್ಲಿ ಕನ್ನಡಕ್ಕೂ ದಾಖಲಿಸಲಾಗಿದೆ. ಒಬ್ಬರು ಅಲ್ಲಿ ಸರಿಪಡಿಸಿದ್ದು ಅದನ್ನು ಬಳಸುವ ಫೋನು, ಗಣಕಗಳಿಗೆಲ್ಲ ತಲುಪುತ್ತದೆ. ಕನ್ನಡದ ತಿದ್ದುಪಡಿಗಳು ಹೀಗೆ ಸಾಮಾನ್ಯ ನೆಲೆಯಲ್ಲೇ ನಡೆಯಬೇಕು. ಒಂದೊಂದು ತಂತ್ರಾಂಶದಲ್ಲಿ ಹಾಕಿದ ತೇಪೆ ಮುಂದಿನ ಆವೃತ್ತಿಗೆ ಉಳಿಯುವ ಖಾತ್ರಿಯಿಲ್ಲ.