ಗ್ರೇಟ್ ಕಾಕಿ ಕೌಂಟ್

ಗ್ರೇಟ್ ಕಾಕಿ ಕೌಂಟ್ ಎಂಬುದು ಆಸ್ಟ್ರೇಲಿಯಾದ ನೈರುತ್ಯ ಭಾಗದಲ್ಲಿ ಕಪ್ಪು ಕಾಕಟೂಗಳನ್ನು ಅವು ರಾತ್ರಿ ತಂಗುವ ಮರಗಳ ಬಳಿಯಲ್ಲೇ ಎಣಿಸಿ ದಾಖಲಿಸುವ ಸಾರ್ವಜನಿಕ ಸಮೀಕ್ಷೆಯಾಗಿದೆ. 2010ರಲ್ಲಿ ಆರಂಭವಾದ ಇದನ್ನು ಬರ್ಡ್‌ಲೈಫ್ ಆಸ್ಟ್ರೇಲಿಯಾ ಸಂಸ್ಥೆಯು ಸಂಯೋಜಿಸುತ್ತ ಬಂದಿದೆ. ಎಣಿಸುವವರು ಬಹುಪಾಲು ಸ್ಥಳೀಯ ನಿವಾಸಿಗಳು. 'ಕಾಕಿ' ಎಂಬುದು ಅಲ್ಲಿನ ಆಡುಮಾತಿನಲ್ಲಿ ಕಾಕಟೂವಿನ ಹೆಸರು. ಕಾಗೆಗೂ ಇದಕ್ಕೂ ಸಂಬಂಧವಿಲ್ಲ.

ಎಣಿಕೆಗೆ ಒಳಪಡುವ ಹಕ್ಕಿಗಳು

ಸಮೀಕ್ಷೆಯ ಕೇಂದ್ರದಲ್ಲಿರುವುದು ಕಾರ್ನಬಿಯ ಕಪ್ಪು ಕಾಕಟೂ. ಗಿಳಿಗಳ ಗಣಕ್ಕೆ ಸೇರಿದ, ಬಾಲದಲ್ಲಿ ಬಿಳಿಯ ಪಟ್ಟೆಯುಳ್ಳ ಈ ಹಕ್ಕಿ ಆಸ್ಟ್ರೇಲಿಯಾದ ನೈರುತ್ಯದಲ್ಲಿ ಮಾತ್ರ ಕಂಡುಬರುತ್ತದೆ ಹಾಗೂ ಅಳಿವಿನಂಚಿನ ಪ್ರಭೇದವೆಂದು ಘೋಷಿತವಾಗಿದೆ. ಗೋಧಿ ಬೆಳೆಯುವ ಒಳನಾಡಿನಲ್ಲಿ, ಹಳೆಯ ನೀಲಗಿರಿ ಜಾತಿಯ ಮರಗಳ ಪೊಟರೆಗಳಲ್ಲಿ ಇದು ಮೊಟ್ಟೆಯಿಡುತ್ತದೆ. ಸಂತಾನೋತ್ಪತ್ತಿ ಮುಗಿದ ಮೇಲೆ ಹಿಂಡುಗಳು ಕರಾವಳಿಯತ್ತ ಬಂದು ಬ್ಯಾಂಕ್ಸಿಯಾ ಮತ್ತು ಪೈನ್ ಮರಗಳ ಬೀಜಗಳನ್ನು ತಿಂದು ಬದುಕುತ್ತವೆ. ಬಾಡಿನ್ನನ ಕಪ್ಪು ಕಾಕಟೂ ನೋಟಕ್ಕೆ ಹೆಚ್ಚುಕಡಿಮೆ ಇದರಂತೆಯೇ ಇದ್ದು, ಅದರ ಕೊಕ್ಕು ಮಾತ್ರ ನೀಳವಾಗಿದೆ. ಮುಸ್ಸಂಜೆಯ ಮಬ್ಬಿನಲ್ಲಿ ಕೊಕ್ಕನ್ನು ಅಳೆಯುವುದು ಸಾಧ್ಯವಿಲ್ಲದ ಮಾತು. ಆದುದರಿಂದ ಇವೆರಡನ್ನೂ 'ಬಿಳಿ ಬಾಲದವು' ಎಂದು ಒಟ್ಟಾಗಿಯೂ, ಕೆಂಬಾಲದ ಕಪ್ಪು ಕಾಕಟೂವನ್ನು ಬೇರೆಯಾಗಿಯೂ ಬರೆದುಕೊಳ್ಳಲಾಗುತ್ತದೆ.

ವಿಧಾನ

ಹಿಂಡುಗಳು ಕರಾವಳಿಯಲ್ಲಿ ನೆರೆದಿರುವ ಶರತ್ಕಾಲದಲ್ಲಿ, ಸಾಮಾನ್ಯವಾಗಿ ಏಪ್ರಿಲ್ ತಿಂಗಳ ಆಸುಪಾಸಿನಲ್ಲಿ, ಒಂದೇ ಸಂಜೆ ಎಲ್ಲೆಡೆ ಏಕಕಾಲಕ್ಕೆ ಎಣಿಕೆ ನಡೆಯುತ್ತದೆ. ಹಿಂಡೊಂದು ಎರಡು ಕಡೆ ಲೆಕ್ಕಕ್ಕೆ ಸೇರದಿರಲೆಂಬುದೇ ಇದರ ಉದ್ದೇಶ. ಸೂರ್ಯಾಸ್ತಕ್ಕೆ ಮೊದಲೇ ಸ್ಥಳ ಹಿಡಿದು ನಿಂತವರು, ಹಕ್ಕಿಗಳು ನೀರು ಕುಡಿದು, ಮರದಿಂದ ಮರಕ್ಕೆ ಹಾರಾಡಿ, ಕೊನೆಗೆ ನೆಲೆಯಾಗುವವರೆಗೆ ಕಾಯಬೇಕಾಗುತ್ತದೆ. ಹಕ್ಕಿ ಬಾರದಿದ್ದರೂ 'ಸೊನ್ನೆ' ಎಂದು ದಾಖಲಿಸುವುದು ಅಗತ್ಯ. ಬಂದ ಕಡೆಯ ಅಂಕಿಗಳನ್ನಷ್ಟೇ ಕೂಡಿಸಿದರೆ ತಂಗುದಾಣವೊಂದು ಬರಿದಾದ ಸಂಗತಿ ಯಾರಿಗೂ ತಿಳಿಯದೆ ಹೋಗುತ್ತದೆ.

ಅಂಕಿಗಳ ಅರ್ಥ

ಎಲ್ಲ ತಂಗುದಾಣಗಳೂ ಪತ್ತೆಯಾಗಿಲ್ಲವಾದ್ದರಿಂದ ದೊರೆತ ಮೊತ್ತವು ಹಕ್ಕಿಗಳ ಕನಿಷ್ಠ ಸಂಖ್ಯೆಯೇ ಹೊರತು ಪೂರ್ಣ ಗಣತಿಯಲ್ಲ. ವರ್ಷದಿಂದ ವರ್ಷಕ್ಕೆ ಕಾಣುವ ಏರಿಳಿತವೇ ಮುಖ್ಯ. ಊರಿನ ಮೇಲೆ ದೊಡ್ಡ ಹಿಂಡು ಹಾರಿದಾಗ ಹಕ್ಕಿಗಳು ಹೇರಳವಾಗಿವೆಯೆಂದು ಭಾವಿಸುವುದು ಸಹಜ. ಆದರೆ ಕಾರ್ನಬಿ ಕಾಕಟೂ ದೀರ್ಘಾಯುಷಿ; ಜೋಡಿಯೊಂದು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿಯನ್ನು ಬೆಳೆಸುತ್ತದೆ. ಹೀಗಾಗಿ ಮರಿಗಳು ಕಡಿಮೆಯಾದರೂ ವಯಸ್ಸಾದ ಹಕ್ಕಿಗಳ ಹಿಂಡು ಹಲವು ವರ್ಷ ಕಣ್ಣಿಗೆ ಕಾಣುತ್ತಲೇ ಇರಬಲ್ಲದು.

ಪರ್ತ್ ನಗರದ ಉತ್ತರಕ್ಕಿರುವ ನಂಗಾರ ಪ್ರದೇಶದ ಪೈನ್ ತೋಪುಗಳು ದೊಡ್ಡ ಹಿಂಡುಗಳ ಆಶ್ರಯ. ಬ್ಯಾಂಕ್ಸಿಯಾ ಕಾಡು ನಶಿಸಿದಂತೆ ಹಕ್ಕಿಗಳು ಈ ಪರದೇಶಿ ಮರಗಳನ್ನೇ ಆಹಾರಕ್ಕಾಗಿ ನೆಚ್ಚಿಕೊಂಡವು. ಪೈನ್ ಮರಗಳು ಅಂತರ್ಜಲವನ್ನು ಕುಗ್ಗಿಸುತ್ತವೆಂಬ ಕಾರಣವೂ ಸೇರಿ, ತೋಪುಗಳನ್ನು ಕಡಿದು ಮರುನೆಡದೆ ಬಿಡಲಾಗುತ್ತಿದೆ. ನಗರದ ಕುಡಿಯುವ ನೀರು ಮತ್ತು ಹಕ್ಕಿಯ ಆಹಾರ ಎರಡೂ ಒಂದೇ ನೆಲದಿಂದ ಬರಬೇಕಾಗಿರುವುದರಿಂದ ವಿವಾದ ಸುಲಭದ್ದಲ್ಲ. ತೋಪುಗಳ ಸುತ್ತಲಿನ ತಂಗುದಾಣಗಳಲ್ಲಿ ಸ್ವಯಂಸೇವಕರು ಬರೆದಿಟ್ಟ ಅಂಕಿಗಳು ಈ ಚರ್ಚೆಯಲ್ಲಿ ಬಳಕೆಯಾಗುತ್ತಿವೆ.